ಗಾಡಿ ನಡುದಾರಿಯಲ್ಲಿ ಬಂದ್ ಬೀಳುತ್ತೆ, ‘ಇಸಿಎಂ ಹೋಗಿದೆ’ ಅಂತಾರೆ: ಬದಲಿಸಬೇಕಾ?

ಪ್ರಶ್ನೆ: “ಸರ್, ನಮ್ಮದು ಬಿಎಸ್6 ಡೀಸೆಲ್ ಪಿಕಪ್. ತಿಕೋಟಾದಿಂದ ದ್ರಾಕ್ಷಿ ಹೇರಕೊಂಡು ಸೊಲ್ಲಾಪುರಕ್ಕ ಹೊಂಟಾಗ ಹೊರ್ತಿ ದಾಟಿದ ಮ್ಯಾಲ ಒಮ್ಮೆಲೆ ಬಂದ್ ಬೀಳ್ತದ. ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡದ್ರ ಏನೂ ಆಗಿಲ್ಲ ಅನ್ನೂಹಂಗ ಚಾಲೂ ಆಗ್ತದ. ಗ್ಯಾರೇಜಿಗೆ ಒಯ್ದರ ಅಲ್ಲಿ ಒಮ್ಮೆನೂ ಬಂದ್ ಆಗೂದಿಲ್ಲ. ಈಗ ಇಸಿಎಂ ಹೋಗ್ಯಾದ, ಹೊಸಾದು ಹಾಕಬೇಕು ಅಂತಾರ. ಹಾಕಸ್ಬೇಕೋ ಬ್ಯಾಡೋ?”

ಈಗಲೇ ಬೇಡ. ಇಸಿಎಂ ಅಂದ್ರೆ ಇಂಜಿನ್ ನಡೆಸುವ ಕಂಪ್ಯೂಟರ್. ಅದು ಕೆಡೋದೇ ಇಲ್ಲ ಅಂತಲ್ಲ, ಕೆಡುತ್ತೆ. ಆದರೆ ಹೀಗೆ ಬಂದು ಹೋಗುವ ತೊಂದರೆಯಲ್ಲಿ ಅದರ ಮೇಲೆ ಅನುಮಾನ ಪಡೋದು ಕೊನೆಗೆ. ಅದಕ್ಕೆ ಕರೆಂಟ್ ತರುವ ವೈರು, ಫ್ಯೂಸು, ರಿಲೇ (ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚು), ಅರ್ಥ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ), ಸೆನ್ಸರ್, ಕನೆಕ್ಟರ್ ಇವೆಲ್ಲ ಮೊದಲು. ಬಿಸಿ, ಅಲುಗಾಟ, ನೀರು, ಕೆಸರು ಎಲ್ಲಾ ತಿನ್ನೋದು ಇವೇ ಅಲ್ವಾ?

“ಹೊಸಾ ಇಸಿಎಂ ಹಾಕಿದ ಮೇಲೆ ನಮ್ಮ ಗೆಳೆಯನ ಗಾಡಿ ಸರಿಹೋಯ್ತು” ಅನ್ನುವವರು ಸಿಗ್ತಾರೆ. ಸುಳ್ಳು ಹೇಳ್ತಿಲ್ಲ ಅವರು. ಆದರೆ ಇಸಿಎಂ ಬದಲಿಸಬೇಕಾದರೆ ಅದರ ದೊಡ್ಡ ಕನೆಕ್ಟರ್ ಕಿತ್ತು ಮತ್ತೆ ಒತ್ತಿ ಕೂರಿಸಲೇಬೇಕು, ಬ್ಯಾಟರಿ ಟರ್ಮಿನಲ್ ಬಿಚ್ಚಿ ಬಿಗಿ ಮಾಡಲೇಬೇಕು, ಅಷ್ಟರಲ್ಲೇ ಪಿನ್ನಿನ ಮೇಲಿನ ಹಸಿರು ತುಕ್ಕು ಉಜ್ಜಿ ಹೋಗಿ ಸಡಿಲ ಇದ್ದದ್ದು ಗಟ್ಟಿಯಾಗಿ ಕೂತಿರುತ್ತೆ. ಗಾಡಿ ಕೆಲವು ವಾರ ಚೆನ್ನಾಗಿ ಓಡುತ್ತೆ. ಹೆಸರು ಹೊಸ ಇಸಿಎಂಗೆ. ತೊಂದರೆ ಮತ್ತೆ ಬಂದಾಗ ಮೊದಲಿಗಿಂತ ಕಷ್ಟ, ಯಾಕಂದ್ರೆ ಆಗ ಎಲ್ಲರೂ ಇಸಿಎಂ ಹೊಸದು ಅಂತ ಆ ಕಡೆ ನೋಡೋದೇ ಬಿಡ್ತಾರೆ. ಹಾಗಾಗಿ ಹಣ ಕೊಡುವ ಮೊದಲು ಹಳೆಯ ಇಸಿಎಂನ ಕನೆಕ್ಟರನ್ನೇ ಬಿಚ್ಚಿ, ಪಿನ್ ನೋಡಿ, ಕ್ಲೀನ್ ಮಾಡಿ, ಮತ್ತೆ ಕೂರಿಸಿ ಓಡಿಸಲು ಹೇಳಿ. ಬಿಚ್ಚುವಾಗ ಬ್ಯಾಟರಿ ನೆಗೆಟಿವ್ ತೆಗೆದಿರಬೇಕು.

ಗ್ಯಾರೇಜಿನವರ ಕಷ್ಟವೂ ನಿಜ. ಎದುರಿಗೆ ಇಲ್ಲದ ತೊಂದರೆ ಹುಡುಕೋದು ಹೇಗೆ? ಗಾಡಿ ಬಂದ್ ಬಿದ್ದ ಆ ಹದಿನೈದು ನಿಮಿಷವೇ ಇಲ್ಲಿ ಬಂಗಾರ, ಆಗ ಗಾಡಿ ಹತ್ತಿರ ಇರೋದು ನೀವೊಬ್ಬರೇ. ಸಿಟ್ಟಿಗೆದ್ದು ಸೆಲ್ಫ್ ಹೊಡೀತಾ ಕೂರಬೇಡಿ. ಗಾಡಿ ಸೈಡಿಗೆ ಹಾಕಿ ಇಷ್ಟು ನೋಡಿ, ಬರೆದಿಡಿ.

ಬಂದ್ ಆಗುವ ಕ್ಷಣದಲ್ಲಿ ಗಾಡಿ ಇನ್ನೂ ಗೇರಿನಲ್ಲಿ ಉರುಳ್ತಾ ಇರುತ್ತೆ, ಅಂದ್ರೆ ಚಕ್ರಗಳೇ ಇಂಜಿನನ್ನು ತಿರುಗಿಸ್ತಾ ಇರ್ತವೆ. ಆಗಲೂ ಆರ್‌ಪಿಎಂ ಮುಳ್ಳು ದಬಕ್ಕನೆ ಸೊನ್ನೆಗೆ ಬಿತ್ತು, ಡ್ಯಾಶ್‌ಬೋರ್ಡ್ ಉಳಿದಂತೆ ಹೊತ್ತಿಕೊಂಡೇ ಇತ್ತು ಅಂದ್ರೆ, ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗೋದನ್ನು ಇಸಿಎಂಗೆ ತಿಳಿಸೋದು) ಸಿಗ್ನಲ್ ಹೋಗಿರುವ ಅನುಮಾನ ಜಾಸ್ತಿ. ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾಯ್ತಾ? ಚಾವಿ ಸ್ವಿಚ್, ಮುಖ್ಯ ಫ್ಯೂಸು, ಬ್ಯಾಟರಿ ಟರ್ಮಿನಲ್ ಕಡೆ ಹೋಗಿ. ದಮ್ಮು ಕಟ್ಟಿದ ಹಾಗೆ ನಿಧಾನಕ್ಕೆ ಎಳೆತ ಕಮ್ಮಿಯಾಗಿ ನಿಂತರೆ ಅದು ವೈರಿಂಗ್ ಕಥೆಯೇ ಇರಲಿಕ್ಕಿಲ್ಲ, ಡೀಸೆಲ್ ಫಿಲ್ಟರ್, ಪೈಪು ನೋಡಿಸಿ.

ನಿಂತ ಮೇಲೆ ಚಾವಿ ಆನ್ ಮಾಡಿ. ಹಳದಿ ಚೆಕ್ ಲೈಟ್ ಹೊತ್ತಬೇಕು. ಹೊತ್ತಲೇ ಇಲ್ಲ ಅಂದ್ರೆ ಇಸಿಎಂಗೆ ಆ ಹೊತ್ತಿನಲ್ಲಿ ಕರೆಂಟ್ ಅಥವಾ ಅರ್ಥ್ ಸಿಗ್ತಾ ಇಲ್ಲ ಅಂತ ಅನುಮಾನಿಸಿ, ಮೇನ್ ರಿಲೇ ಮೊದಲು ನೋಡಿಸಿ. ಅದರ ಒಳಗಿನ ಪಾಯಿಂಟ್ ಸುಟ್ಟು ಕಪ್ಪಾಗಿದ್ದರೆ ಬಿಸಿಯಾದಾಗ ಕೈಕೊಡುತ್ತೆ, ತಣ್ಣಗಾದಾಗ ಮತ್ತೆ ಹಿಡಿಯುತ್ತೆ. ಅದೇ ನಂಬರಿನ ಇನ್ನೊಂದು ರಿಲೇ ಬಾಕ್ಸಿನಲ್ಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು, ಇದಕ್ಕೆ ಖರ್ಚೇ ಇಲ್ಲ. ಚೆಕ್ ಲೈಟ್ ಹೊತ್ತಿದರೆ ಸೆಲ್ಫ್ ಹೊಡೆದು ಮುಳ್ಳು ನೋಡಿ. ಇಂಜಿನ್ ತಿರುಗ್ತಾ ಇದ್ದರೂ ಮುಳ್ಳು ಕದಲದಿದ್ದರೆ ಮತ್ತೆ ಕ್ರ್ಯಾಂಕ್ ಸೆನ್ಸರ್. ಸೆನ್ಸರ್ ಎಲ್ಲಿದೆ ಅಂತ ಮೊದಲೇ ಕೇಳಿ ತಿಳ್ಕೊಂಡಿರಿ. ಚಾವಿ ತೆಗೆದು, ಕೈಗೆ ಸಿಗುವ ಜಾಗದಲ್ಲಿದ್ದರೆ, ಅದರ ಮೇಲೆ ಒದ್ದೆ ಬಟ್ಟೆ ಇಡಿ. ಹದಿನೈದು ನಿಮಿಷದ ಬದಲು ಎರಡು ಮೂರು ನಿಮಿಷಕ್ಕೇ ಚಾಲೂ ಆಯ್ತಾ? ಸೆನ್ಸರ್ ಮೇಲಿನ ಅನುಮಾನ ಗಟ್ಟಿಯಾಯ್ತು. ನೀವು ಹೇಳುವ ಲಕ್ಷಣಕ್ಕೆ, ಅಂದ್ರೆ ಲೋಡು, ಬಿಸಿಲು, ಬಿಸಿಯಾದಾಗ ಬಂದ್, ತಣ್ಣಗಾದ ಮೇಲೆ ಚಾಲೂ, ನನ್ನ ಮೊದಲ ಅನುಮಾನ ಇದರ ಮೇಲೇ. ನಮ್ಮ ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಹೊರಗೇ 40 ಡಿಗ್ರಿ ಇರುತ್ತೆ, ಬಾನೆಟ್ ಒಳಗಿನ ಕಾವು ನೀವೇ ಲೆಕ್ಕ ಹಾಕಿ.

ಸ್ಕ್ಯಾನರ್ ಹಾಕಿಸುವಾಗ ಒಂದು ಮಾತು. ಕೋಡ್ (ಇಸಿಎಂ ನೆನಪಿಟ್ಟ ತೊಂದರೆಯ ನಂಬರು) ಅಳಿಸುವ ಮೊದಲು ಫೋಟೊ ತೆಗೀರಿ. ಕೆಲವರು ಹಾಕಿದ ಕೂಡಲೇ ಎಲ್ಲಾ ಕ್ಲಿಯರ್ ಮಾಡಿಬಿಡ್ತಾರೆ, ಆಗ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಹೋಯ್ತು. ಕೋಡ್ ಬಿದ್ದಾಗ ವೇಗ, ಆರ್‌ಪಿಎಂ, ಇಂಜಿನ್ ಬಿಸಿ ಎಷ್ಟಿತ್ತು ಅನ್ನೋದು ಅದರಲ್ಲೇ ಇರೋದು. ಪಿ0335 ಅಂದ್ರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0562 ಅಂದ್ರೆ ವೋಲ್ಟೇಜ್ ಕಮ್ಮಿ, ಯು0100 ಅಂದ್ರೆ ಇಸಿಎಂ ಜೊತೆ ಮಾತುಕತೆ ಕಡಿದಿದೆ. ಈ ಕೊನೆಯದನ್ನು ನೋಡಿ ‘ಇಸಿಎಂ ಹೋಯ್ತು’ ಅನ್ನೋರೇ ಜಾಸ್ತಿ. ಕರೆಂಟ್ ಸಿಗದ ಇಸಿಎಂ ಕೂಡ ಮಾತಾಡೋದಿಲ್ಲ ಸ್ವಾಮಿ.

ಇನ್ನು ಅರ್ಥ್. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇದನ್ನು ತಪ್ಪಾಗಿ ಟೆಸ್ಟ್ ಮಾಡೋದೇ ರೂಢಿ. ಮಲ್ಟಿಮೀಟರ್ ಬೀಪ್ ಅಂದರೆ ವೈರ್ ಸರಿ ಇದೆ ಅಂತಾರೆ. ಮೂವತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತೆ, ಆದರೆ ಲೋಡು ಬಿದ್ದಾಗ ಆ ಒಂದು ಎಳೆಯಿಂದ ಏನೂ ಆಗಲ್ಲ. ಹಾಗಾಗಿ ಲೋಡಿನಲ್ಲೇ ಅಳೀಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಇಂಜಿನ್ನಿನ ಬರೀ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.5 ವೋಲ್ಟ್ ದಾಟಿದರೆ ಅರ್ಥ್ ಪಟ್ಟಿ ಕೆಟ್ಟಿದೆ. ಆಮೇಲೆ ಇಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ಫ್ಯಾನ್ ಹಾಕಿ, ಇಸಿಎಂನ ಅರ್ಥ್ ಪಿನ್ನಿಗೆ ಅದೇ ಥರ ಹಿಡಿಸಿ. ಅಲ್ಲಿ 0.1 ವೋಲ್ಟಿನ ಆಸುಪಾಸು ಇರಬೇಕು, ಅದಕ್ಕಿಂತ ಜಾಸ್ತಿ ಬಂದರೆ ಹುಡುಕಬೇಕಾದದ್ದು ಅಲ್ಲೇ ಇದೆ. ಬ್ಯಾಟರಿ ನಿಂತಾಗ 12.6ರ ಹತ್ತಿರ, ಚಾಲೂ ಇದ್ದಾಗ ಸಾಮಾನ್ಯವಾಗಿ 13.5ರಿಂದ 14.5, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇನ್ನೊಂದು, ಸೆನ್ಸರ್ ವೈರಿಗೆ ಬಲ್ಬಿನ ಟೆಸ್ಟರ್ ಚುಚ್ಚಲು ಬಿಡಬೇಡಿ. ಚೆನ್ನಾಗಿದ್ದ ಇಸಿಎಂ ಕೂಡ ಸುಡಬಹುದು.

ಅಷ್ಟಾದ ಮೇಲೆ ಇಂಜಿನ್ ಐಡಲ್‌ನಲ್ಲಿ ಇಟ್ಟು, ತಿರುಗುವ ಬೆಲ್ಟು ಫ್ಯಾನಿನಿಂದ ಕೈ ದೂರ ಇಟ್ಟುಕೊಂಡು, ವೈರಿಂಗ್ ಕಟ್ಟನ್ನು ಒಂದೊಂದು ಗೇಣಿಗೆ ಅಲುಗಾಡಿಸುತ್ತಾ ಹೋಗಲು ಹೇಳಿ. ಎಲ್ಲಿ ಮುಟ್ಟಿದಾಗ ಇಂಜಿನ್ ತಡವರಿಸುತ್ತೋ ಅಲ್ಲೇ ಬಿಚ್ಚಿ. ನಮ್ಮ ಕಡೆ ಇಂಥ ಜಾಗಗಳು ಗೊತ್ತಿರುವಂಥವೇ: ಹೊಲದಲ್ಲಿ ನಿಲ್ಲಿಸಿದಾಗ ಇಲಿ ಕಡಿದದ್ದು, ಎರೆಮಣ್ಣು ಮೆತ್ತಿ ಒಣಗಿ ಚಾಸಿಸ್ ಅರ್ಥನ್ನು ತುಕ್ಕು ಹಿಡಿಸಿದ್ದು, ವಾಟರ್ ಸರ್ವಿಸ್‌ನವರು ಬಾನೆಟ್ ಒಳಗೆ ಜೋರಾಗಿ ನೀರು ಹೊಡೆದದ್ದು, ಜಾತ್ರೆ ಸೀಸನ್ನಿಗೆ ಹಾಕಿಸಿದ ಲೈಟು, ಹಾರ್ನು, ಟೇಪು ಎಲ್ಲಾ ಒಂದೇ ಚಾವಿ ವೈರಿನಿಂದ ಎಳೆದದ್ದು. ಆ ಇನ್ಸುಲೇಷನ್ ಟೇಪು ಸುತ್ತಿದ ಜೋಡಣೆಗಳನ್ನು ನೋಡಿದರೆ ಗಾಡಿ ಇಷ್ಟು ದಿನ ಓಡಿದ್ದೇ ದೊಡ್ಡದು ಅನ್ನಿಸುತ್ತೆ.

ಹಾಗಾದ್ರೆ ಇಸಿಎಂ ನಿಜವಾಗಿ ಕೆಟ್ಟಿದೆ ಅನ್ನೋದು ಯಾವಾಗ? ತೊಂದರೆ ಇರುವ ಹೊತ್ತಿನಲ್ಲೇ ಅದರ ಪಿನ್ನಿಗೆ ಕರೆಂಟ್ ಸರಿ, ಅರ್ಥ್ ಸರಿ, ಸೆನ್ಸರ್ ಸಿಗ್ನಲ್ ಸರಿ ಬರ್ತಿದ್ದು, ಆದರೂ ಅದು ಕೆಲಸ ಮಾಡ್ತಿಲ್ಲ ಅಂದಾಗ. ಆಗಲೂ ಯಾಕೆ ಕೆಟ್ಟಿತು ಅಂತ ಕೇಳಲೇಬೇಕು. ಶಾರ್ಟ್ ಆದ ಕಾಯಿಲ್ ಅಥವಾ ವೈರ್ ಹಾಗೇ ಬಿಟ್ಟರೆ ಹೊಸದೂ ಸುಡುತ್ತೆ. ಕ್ಯಾರಿಯರ್, ಹುಡ್ಡು ವೆಲ್ಡಿಂಗ್ ಮಾಡಿಸಿದಾಗ ಬ್ಯಾಟರಿ ನೆಗೆಟಿವ್ ಬಿಚ್ಚಿದ್ರಾ? ಇಲ್ಲದಿದ್ದರೆ ಅದನ್ನೂ ಮೇಸ್ತ್ರಿಗೆ ಹೇಳಿ. ಬೇರೆ ಗಾಡಿಯ ಇಸಿಎಂ ತಂದು ‘ಸುಮ್ನೆ ಹಾಕಿ ನೋಡೋಣ’ ಅನ್ನೋದಕ್ಕೆ ಒಪ್ಪಬೇಡಿ, ಇಮ್ಮೊಬಿಲೈಸರ್ (ಬೇರೆ ಚಾವಿಗೆ ಇಂಜಿನ್ ಚಾಲೂ ಆಗದಂತೆ ತಡೆಯೋದು) ಇರುವ ಗಾಡಿಗೆ ಚಾವಿ ಹೊಂದಿಸದೆ ಅದು ಚಾಲೂ ಆಗೋದಿಲ್ಲ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು ಒಂದೇ: ಬಂದ್ ಆದಾಗ ಇಸಿಎಂ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇತ್ತು? ಅಂಕಿ ಹೇಳಿದರೆ ಮುಂದಿನ ಮಾತು. ಅಲ್ಲಿವರೆಗೆ ಲೋಡು ಹಾಕಿಕೊಂಡು ರಾತ್ರಿ ಹೊತ್ತು ಎನ್‌ಎಚ್ 52ಕ್ಕೆ ಇಳೀಬೇಡಿ. ಇಂಜಿನ್ ಬಂದ್ ಬಿದ್ದ ಕೂಡಲೇ ಪವರ್ ಸ್ಟಿಯರಿಂಗ್ ಕಲ್ಲಿನಂತಾಗುತ್ತೆ, ಬ್ರೇಕ್ ಬೂಸ್ಟರ್‌ನಲ್ಲಿ ಎರಡು ಮೂರು ಸಲ ತುಳಿಯುವಷ್ಟು ಬಲ ಮಾತ್ರ ಉಳಿದಿರುತ್ತೆ. ಹಾಗಾದಾಗ ಬ್ರೇಕನ್ನು ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ತುಳಿದು ಹಿಡೀರಿ.