ವಿಮಾನ ಈಗ ಯಾರ ಕೈಯಲ್ಲಿದೆ?

1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು.

ಆ ಏರ್‌ಬಸ್ ಎ320 ಬಂದು ಎರಡು ತಿಂಗಳೂ ಆಗಿರಲಿಲ್ಲ. ಇಂಜಿನ್ ಕೆಟ್ಟಿರಲಿಲ್ಲ. ವಿಮಾನ ಕೆಳಗಿಳಿಯುವ 'ಓಪನ್ ಡಿಸೆಂಟ್' ಎಂಬ ಮೋಡ್‌ನಲ್ಲಿತ್ತು. ಈ ಮೋಡ್‌ನಲ್ಲಿ ಇಂಜಿನ್ ಐಡಲ್‌ನಲ್ಲೇ, ಅಂದರೆ ಅತಿ ಕಡಿಮೆ ಶಕ್ತಿಯಲ್ಲೇ ಇರುತ್ತದೆ. ವೇಗ ಇಳಿದರೂ ತಾನಾಗಿ ಶಕ್ತಿ ಏರಿಸುವುದಿಲ್ಲ. ಪೈಲಟ್‌ಗಳು ತಕ್ಷಣ ಥ್ರಸ್ಟ್ (ಇಂಜಿನ್‌ನ ತಳ್ಳುವ ಶಕ್ತಿ) ಹೆಚ್ಚಿಸಲಿಲ್ಲ ಎಂದು ತನಿಖೆ ಹೇಳಿತು. ಅದು ನಿಜ. ಆದರೆ ಹಳೆಯ ಅನೇಕ ವಿಮಾನಗಳಲ್ಲಿ ಯಂತ್ರ ತಾನೇ ಇಂಜಿನ್ ಶಕ್ತಿ ಬದಲಿಸಿದಾಗ ಥ್ರಸ್ಟ್ ಲಿವರ್ ಕೂಡ ಸರಿಯುತ್ತಿತ್ತು, ಅದರ ಮೇಲಿಟ್ಟ ಕೈಗೆ ಗೊತ್ತಾಗುತ್ತಿತ್ತು. ಎ320ರಲ್ಲಿ ಲಿವರ್ ಕದಲುವುದಿಲ್ಲ. ಪೈಲಟ್ ಪರದೆ ನೋಡಿಯೇ ತಿಳಿಯಬೇಕು. ಈ ವಿನ್ಯಾಸದ ಪ್ರಶ್ನೆಯನ್ನು ಬಿಟ್ಟು ಬರೀ ಪೈಲಟ್‌ಗಳನ್ನು ದೂರುವುದು ನ್ಯಾಯವಲ್ಲ.

ಆಟೋಪೈಲಟ್ ಹೊಸದೇನಲ್ಲ. 1914ರಲ್ಲೇ ಲಾರೆನ್ಸ್ ಸ್ಪೆರ್ರಿ ಪ್ಯಾರಿಸ್ ಬಳಿ ಎರಡೂ ಕೈ ಮೇಲೆತ್ತಿ ವಿಮಾನ ಹಾರಿಸಿ ತೋರಿಸಿದ್ದರು. 1951ರಲ್ಲಿ ಮನೋವಿಜ್ಞಾನಿ ಪಾಲ್ ಫಿಟ್ಸ್ ತಂಡ ಮನುಷ್ಯನಿಗೆ ಯಾವುದು ಚೆನ್ನಾಗಿ ಬರುತ್ತದೆ, ಯಂತ್ರಕ್ಕೆ ಯಾವುದು ಎಂದು ಪಟ್ಟಿ ಮಾಡಿತು. ಕೆಲಸವನ್ನು ಒಮ್ಮೆ ಹಂಚಿದರೆ ಮುಗಿಯಿತು ಎಂಬ ನಂಬಿಕೆ ಬಹಳ ಕಾಲ ಉಳಿಯಿತು. 1983ರಲ್ಲಿ ಮನೋವಿಜ್ಞಾನಿ ಲಿಸಾನ್ ಬೈನ್‌ಬ್ರಿಡ್ಜ್ ಇದರ ಬುಡಕ್ಕೇ ಕೈಹಾಕಿದರು. ಸುಲಭದ ಕೆಲಸವೆಲ್ಲ ಯಂತ್ರಕ್ಕೆ ಹೋದರೆ ಮನುಷ್ಯನ ಅಭ್ಯಾಸ ತಪ್ಪುತ್ತದೆ. ಕೊನೆಗೆ ಅತಿ ಕಷ್ಟದ ಗಳಿಗೆಯಲ್ಲಿ ಅವನನ್ನೇ ಕರೆಯುತ್ತೇವೆ, ಅಲ್ವಾ?

ಹಾಗಾದರೆ ಹಂಚಿಕೆಯೇ ಹೊತ್ತಿಗೆ ತಕ್ಕಂತೆ ಬದಲಾಗಲಿ ಎಂಬ ಯೋಚನೆ ಬಲವಾಯಿತು. ಇದೇ ಹೊಂದಿಕೊಳ್ಳುವ ಆಟೋಮೇಷನ್. ಪೈಲಟ್‌ಗೆ ಕೆಲಸ ಜಾಸ್ತಿಯಾದಾಗ ಯಂತ್ರ ಹೊರೆ ಹೊರುತ್ತದೆ, ಬಿಡುವಾದಾಗ ವಾಪಸ್ ಕೊಡುತ್ತದೆ. ಭಾರತ ಮೂಲದ ಮನೋವಿಜ್ಞಾನಿ ರಾಜಾ ಪರಶುರಾಮನ್ ಈ ಕ್ಷೇತ್ರದ ದೊಡ್ಡ ಹೆಸರು. ಕೆಲಸವನ್ನು ಸ್ವಲ್ಪ ಹೊತ್ತು ಮನುಷ್ಯನ ಕೈಗೆ ಕೊಟ್ಟರೆ, ಆಮೇಲೆ ಯಂತ್ರದ ತಪ್ಪನ್ನು ಅವನು ಚೆನ್ನಾಗಿ ಗುರುತಿಸುತ್ತಾನೆ ಎಂದು 1990ರ ದಶಕದಲ್ಲಿ ಅವರ ತಂಡ ತೋರಿಸಿತು. 1995ರ ಹೊತ್ತಿಗೆ ನಾಸಾದ ಲ್ಯಾಂಗ್ಲಿ ಕೇಂದ್ರದವರು ಮೆದುಳಿನ ಅಲೆಗಳನ್ನು ಅಳೆದು, ಕೆಲಸ ಯಾವಾಗ ಕೈ ಬದಲಿಸಬೇಕೆಂದು ಪ್ರಯೋಗ ಮಾಡಿದರು.

ಕೈ ಬದಲಿಸುವುದನ್ನು ನಿರ್ಧರಿಸುವವರು ಯಾರು? ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಎಫ್-16 ಯುದ್ಧವಿಮಾನಕ್ಕೆ 2014ರಿಂದ ಅಳವಡಿಸಿದ ನೆಲಕ್ಕೆ ಬಡಿಯದಂತೆ ತಡೆಯುವ ವ್ಯವಸ್ಥೆ ಕೊನೆಯ ಕ್ಷಣದವರೆಗೂ ಸುಮ್ನೆ ಇರುತ್ತದೆ. ಅಪಾಯ ಖಚಿತವಾದರೆ ಮಾತ್ರ ವಿಮಾನವನ್ನು ಮೇಲೆತ್ತಿ, ನಿಯಂತ್ರಣವನ್ನು ಪೈಲಟ್‌ಗೇ ಮರಳಿಸುತ್ತದೆ. ಬೋಯಿಂಗ್ 737 ಮ್ಯಾಕ್ಸ್ ಪ್ರಯಾಣಿಕ ವಿಮಾನದ ಮೂಗನ್ನು ತಾನಾಗಿ ಕೆಳಗಿಳಿಸುವ ಎಂಕ್ಯಾಸ್ ಎಂಬ ವ್ಯವಸ್ಥೆ ಹಾಗಿರಲಿಲ್ಲ. ಒಂದೇ ಸೆನ್ಸರ್‌ನ ಮಾತು ನಂಬಿ ಅದು ಮತ್ತೆ ಮತ್ತೆ ಮೂಗನ್ನು ಕೆಳಗೆ ತಳ್ಳಿತು. ಪೈಲಟ್‌ಗಳ ಕೈಪಿಡಿಯಲ್ಲಿ ಮೊದಲು ಅದರ ವಿವರಣೆಯೇ ಇರಲಿಲ್ಲ. 2018 ಮತ್ತು 2019ರ ಎರಡು ಅಪಘಾತಗಳಲ್ಲಿ 346 ಜನ ಸತ್ತರು. 2020ರಲ್ಲಿ ಒಪ್ಪಿಗೆ ಸಿಕ್ಕ ತಿದ್ದುಪಡಿಯ ಪ್ರಕಾರ ಅದು ಎರಡು ಸೆನ್ಸರ್‌ಗಳನ್ನು ಹೋಲಿಸುತ್ತದೆ, ಒಂದು ಸಂದರ್ಭಕ್ಕೆ ಒಮ್ಮೆ ಮಾತ್ರ ತಳ್ಳುತ್ತದೆ, ಅದೂ ಪೈಲಟ್ ಎಳೆದು ಸರಿಪಡಿಸಬಹುದಾದಷ್ಟೇ.