ಯಾವ ಸಾಲಿನಲ್ಲಿದೆ, ತೋರಿಸು

ಹೊಸ ತರಗತಿಯ ಮೊದಲ ದಿನ ಪುಸ್ತಕಗಳ ಪಟ್ಟಿ ಕೊಟ್ಟಾಗ ಮಕ್ಕಳ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಹೋಮರನ ‘ಒಡಿಸ್ಸಿ’, ಸೊಫೋಕ್ಲಿಸ್‌ನ ಎರಡು ನಾಟಕ, ‘ಬೇವುಲ್ಫ್’, ಚಾಸರ್‌ನ ಒಂದೆರಡು ಕಥೆ, ಶೇಕ್ಸ್‌ಪಿಯರ್, ಕೊನೆಗೆ ಜೇನ್ ಆಸ್ಟಿನ್. “ಇಷ್ಟೂ ಓದಬೇಕಾ ಮೇಡಂ?” ಅನ್ನುವುದು ಮೊದಲ ಪ್ರಶ್ನೆ. “ಅರ್ಥ ಆಗದಿದ್ರೆ?” ಅನ್ನುವುದು ಎರಡನೆಯದು. ಅಪ್ಪ ಅಮ್ಮ ಬಂದಾಗ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಈ ವಯಸ್ಸಿನಲ್ಲಿ ಇಷ್ಟು ಹಳೆಯದನ್ನು ಓದಿ ಮಗುವಿಗೆ ಏನು ಬರಬೇಕು ಅಂತ ನೀವು ನಿರೀಕ್ಷೆ ಮಾಡ್ತೀರಿ?

ಹೈಸ್ಕೂಲ್ ಮಕ್ಕಳಿಗೆ ಬ್ರಿಟಿಷ್ ಮತ್ತು ಗ್ರೀಕ್ ಸಾಹಿತ್ಯ ಕಲಿಸುತ್ತಾ ಬಹಳ ವರ್ಷ ಆಯಿತು. ಎಲ್ಲವೂ ಅರ್ಥ ಆಗಬೇಕು ಅಂತ ನಾನು ಯಾರನ್ನೂ ಕೇಳಿಲ್ಲ. ಕೇಳುವುದು ಒಂದೇ. ಪುಸ್ತಕದ ಬಗ್ಗೆ ಏನಾದರೂ ಹೇಳಿದರೆ, ಅದು ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸಬೇಕು. ಕೇಳಲು ಸಣ್ಣದು. ಇದು ರೂಢಿಯಾಗಲು ಹೆಚ್ಚಿನ ಮಕ್ಕಳಿಗೆ ಅರ್ಧ ವರ್ಷ ಬೇಕಾಗುತ್ತದೆ.

ಸಾರಾಂಶದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಾರಾಂಶ ಓದಿಕೊಂಡು ಬಂದರೆ ನಾನು ಬೈಯುವುದಿಲ್ಲ. ಎಷ್ಟೋ ಶಿಕ್ಷಕರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಸೊಫೋಕ್ಲಿಸ್‌ನ ನಾಟಕ ನೋಡಲು ಅಥೆನ್ಸಿನ ಬಯಲು ರಂಗಮಂದಿರದಲ್ಲಿ ಬಂದು ಕೂತ ಜನಕ್ಕೂ ಈಡಿಪಸ್‌ನ ಕಥೆ ಮೊದಲೇ ಗೊತ್ತಿತ್ತು. ಅವನು ತಂದೆಯನ್ನು ಕೊಂದಿದ್ದಾನೆ, ತಾಯಿಯನ್ನೇ ಮದುವೆಯಾಗಿದ್ದಾನೆ ಅನ್ನುವುದು ಅವರಿಗೆ ಗುಟ್ಟಾಗಿರಲಿಲ್ಲ. ಗೊತ್ತಿಲ್ಲದೆ ಇದ್ದದ್ದು ಈಡಿಪಸ್‌ಗೆ. ಹಳೆಯ ರಾಜನನ್ನು ಕೊಂದವನು ಇನ್ನೂ ಊರಲ್ಲಿದ್ದಾನೆ, ಅದಕ್ಕೇ ಈ ಪಿಡುಗು ಅಂತ ತಿಳಿದಾಗ ಅವನು ಎಲ್ಲರೆದುರು ಆ ಕೊಲೆಗಾರನಿಗೆ ಶಾಪ ಹಾಕುತ್ತಾನೆ. ಶಾಪ ತಗಲುವುದು ಅವನಿಗೇ. ಕಥೆ ಗೊತ್ತಿದ್ದವರಿಗೇ ಆ ಮಾತು ಕೇಳಿ ಮೈ ಜುಂ ಅನ್ನುವುದು. ಹಾಗಾಗಿ ಕಥೆ ತಿಳಿದುಕೊಂಡು ಬನ್ನಿ, ಪರವಾಗಿಲ್ಲ. ಅಲ್ಲಿಗೆ ಓದು ಮುಗಿಯಿತು ಅಂದುಕೊಳ್ಳಬೇಡಿ.

ಶೇಕ್ಸ್‌ಪಿಯರ್ ಶುರುವಾದ ದಿನ “ಇದು ಹಳೇ ಇಂಗ್ಲಿಷ್, ನಮಗೆ ಬರಲ್ಲ” ಅಂತ ಮಕ್ಕಳು ಕೈಚೆಲ್ಲುತ್ತಾರೆ. ನಿಜವಾದ ಹಳೇ ಇಂಗ್ಲಿಷ್ ‘ಬೇವುಲ್ಫ್’ನದು. 3182 ಸಾಲಿನ ಆ ಕಾವ್ಯ ಉಳಿದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. 1731ರ ಬೆಂಕಿಯಲ್ಲಿ ಅದರ ಅಂಚುಗಳೂ ಸುಟ್ಟವು. ಇಂಗ್ಲಿಷ್ ಮನೆಮಾತಾಗಿರುವವರೂ ಅದನ್ನು ಬೇರೆಯಾಗಿ ಕಲಿಯದೆ ಓದಲಾರರು. 1400ರಲ್ಲಿ ತೀರಿಕೊಂಡ ಚಾಸರ್‌ನದು ನಡುಗಾಲದ ಇಂಗ್ಲಿಷ್. ಶೇಕ್ಸ್‌ಪಿಯರ್ ಬದುಕಿದ್ದು 1564ರಿಂದ 1616ರವರೆಗೆ. ಅಷ್ಟು ಹೊತ್ತಿಗೆ ಈಗಿನ ಇಂಗ್ಲಿಷ್ ಶುರುವಾಗಿತ್ತು. ಪದಗಳು ಬಹುಪಾಲು ನಮಗೆ ಗೊತ್ತಿರುವವೇ.

ಎಡವುವುದು ಗೊತ್ತಿದೆ ಅನ್ನಿಸುವ ಪದಗಳಲ್ಲಿ. ಜೂಲಿಯೆಟ್ ರೋಮಿಯೋನ ಹೆಸರು ಹಿಡಿದು ‘ವೇರ್‌ಫೋರ್’ ಅಂತ ಕೇಳುತ್ತಾಳಲ್ಲ, ‘ಎಲ್ಲಿದ್ದೀಯ’ ಅಂತ ಪ್ರತಿ ವರ್ಷ ಯಾರಾದರೂ ಅರ್ಥ ಬರೆಯುತ್ತಾರೆ. ಆ ಪದದ ಅರ್ಥ ‘ಯಾಕೆ’. ಜಗತ್ತಿನಲ್ಲಿ ಇಷ್ಟು ಜನ ಇರುವಾಗ ನೀನು ನಮ್ಮ ಶತ್ರುಗಳ ಮನೆಯ ರೋಮಿಯೋನೇ ಯಾಕಾದೆ ಅನ್ನುವುದು ಅವಳ ಸಂಕಟ. ಮುಂದಿನ ಸಾಲಿಗೆ ಹೋಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಆ ಹೆಸರನ್ನೇ ಬಿಟ್ಟುಬಿಡು ಅಂತ ಅಲ್ಲಿ ಅವಳೇ ಹೇಳುತ್ತಾಳೆ.

ಕನ್ನಡ ಬಲ್ಲ ಮಕ್ಕಳಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಇವತ್ತಿನ ಇಂಗ್ಲಿಷಿನಲ್ಲಿ ಯಾರಿಗಾದರೂ ‘ಯೂ’ ಒಂದೇ. ಆಗ ‘ದೌ’ ಕೂಡ ಇತ್ತು. ಪ್ರಾರ್ಥನೆಗಳಲ್ಲಿ ಕೇಳಿರುತ್ತೇವೆ, ಗಂಭೀರವಾಗಿ ಕೇಳಿಸುತ್ತದೆ, ಹಾಗಾಗಿ ‘ದೌ’ ಅಂದರೆ ಜಾಸ್ತಿ ಮರ್ಯಾದೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಇರುವುದು ಇದಕ್ಕೆ ತದ್ವಿರುದ್ಧ. ‘ದೌ’ ನಮ್ಮ ‘ನೀನು’ಗೆ ಹತ್ತಿರ, ‘ಯೂ’ ನಮ್ಮ ‘ನೀವು’ಗೆ ಹತ್ತಿರ. ‘ನೀನು’ ಅನ್ನುವುದರಲ್ಲಿ ಸಲಿಗೆ ಇರಬಹುದು, ಪ್ರೀತಿ ಇರಬಹುದು, ಸಿಟ್ಟೂ ಇರಬಹುದು. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

‘ಕಿಂಗ್ ಲಿಯರ್’ನ ಮೊದಲ ದೃಶ್ಯ ತೆಗೆಯಿರಿ. ಮುದುಕ ರಾಜ ಮೂವರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲು ಕೂತಿದ್ದಾನೆ. ನನ್ನನ್ನು ಎಷ್ಟು ಪ್ರೀತಿಸುತ್ತೀರಿ ಹೇಳಿ ಅನ್ನುತ್ತಾನೆ. ದೊಡ್ಡವಳು ಹೊಗಳುತ್ತಾಳೆ. ಅವಳಿಗೆ ನೆಲ ಕೊಡುವಾಗ ಅವನ ಬಾಯಲ್ಲಿ ‘ನೀನು’ ಬರುತ್ತದೆ. ಅದು ಅಪ್ಪನ ಅಕ್ಕರೆಯ ‘ನೀನು’. ಕಡೆಯವಳು ಕಾರ್ಡೀಲಿಯಾಳನ್ನು ಕೇಳುವಾಗ ‘ಯೂ’. ಅವಳು ಹೇಳುವುದು ಏನೂ ಇಲ್ಲ ಅಂದಾಗಲೂ, ಮಾತು ಸ್ವಲ್ಪ ತಿದ್ದಿಕೊಳ್ಳಿ ಅನ್ನುವ ಧಾಟಿಯಲ್ಲಿ ‘ಯೂ’ವೇ ಇದೆ. ಆಮೇಲೆ ಒಂದು ಸಾಲಿನಲ್ಲಿ ಅದು ಮುರಿಯುತ್ತದೆ. ಇದು ನಿನ್ನ ಮನಸ್ಸಿನ ಮಾತೇನಾ ಅಂತ ಕೇಳುವಾಗ ‘ದೈ’ ಬರುತ್ತದೆ, ಅಂದರೆ ‘ನಿನ್ನ’. ಅಲ್ಲಿಂದ ಮುಂದೆ, ನಿನ್ನ ಸತ್ಯವೇ ನಿನಗೆ ಬಳುವಳಿ ಅಂತ ಮಗಳನ್ನು ಕಳಚಿ ಹಾಕುವಾಗಲೂ ಅದೇ. ದೊಡ್ಡ ಮಗಳಿಗೆ ಅಕ್ಕರೆಯಿಂದ ಹೇಳಿದ ಪದವೇ ಕಿರಿಯವಳಿಗೆ ಸುಡುತ್ತದೆ.

ಇಷ್ಟರಲ್ಲಿ ಕೆಂಟ್ ಮುಂದೆ ಬರುತ್ತಾನೆ. ರಾಜನಿಗೆ ನಿಷ್ಠೆಯಿಂದ ನಡೆದುಕೊಂಡ ಸಾಮಂತ. ಮಾತು ಶುರು ಮಾಡುವುದು ತುಂಬಾ ವಿನಯದಿಂದ. ರಾಜ ಕೇಳದಿದ್ದಾಗ, ತುಂಬಿದ ಸಭೆಯಲ್ಲಿ, ಎಲ್ಲರೆದುರು, ‘ಮುದುಕಾ, ಏನು ಮಾಡಲು ಹೊರಟಿದ್ದೀಯ ನೀನು’ ಅನ್ನುವ ಅರ್ಥದ ಮಾತಾಡುತ್ತಾನೆ. ಅಲ್ಲಿ ‘ದೌ’ ಇದೆ. ಸಾಮಂತನೊಬ್ಬ ರಾಜನಿಗೆ ಏಕವಚನ ಹಾಕಿದ. ಈ ಸಾಲನ್ನು ಕನ್ನಡದಲ್ಲಿ ಹೇಳಿ ನೋಡು ಅಂತ ಒಮ್ಮೆ ಒಬ್ಬ ಹುಡುಗಿಗೆ ಹೇಳಿದೆ. ಅವಳು ಎದ್ದು ನಿಂತು, ನನ್ನ ಮುಖ ನೋಡಿ, ಬಾಯಿ ತೆರೆದು, “ಆಗಲ್ಲ ಮೇಡಂ, ನಿಮಗೆ ಹೇಗೆ ಹೇಳೋದು” ಅಂದಳು. ಕೆಂಟ್‌ಗೆ ಎಷ್ಟು ಧೈರ್ಯ ಬೇಕಾಗಿತ್ತು ಅಂತ ಇಡೀ ತರಗತಿಗೆ ಆ ಕ್ಷಣ ಗೊತ್ತಾಯಿತು. ನಾನು ಬೇರೆ ಏನೂ ವಿವರಿಸಲಿಲ್ಲ.

ಒಂದು ಪುಟ್ಟ ಸರ್ವನಾಮದಿಂದ ಇಷ್ಟು ಸಿಗಬೇಕಾದರೆ ನಿಧಾನವಾಗಿ ಓದಬೇಕು. ನಾಟಕವಾದರೆ ರಾತ್ರಿಗೆ ಒಂದು ದೃಶ್ಯ ಸಾಕು. ಒಮ್ಮೆ ಸುಮ್ನೆ ಓದಿಕೊಂಡು ಹೋಗಿ, ಇನ್ನೊಮ್ಮೆ ಬಾಯಿಬಿಟ್ಟು ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ. ತೊಡಕಾದ ಕಡೆ ಗೆರೆ ಎಳೆಯಿರಿ. ಮರುದಿನ ಆ ಗೆರೆಗಳನ್ನು ತಂದರೆ ನನಗೆ ಅದೇ ಹೋಮ್‌ವರ್ಕ್.

ಗ್ರೀಕ್ ಕೃತಿಗಳನ್ನು ನಾವು ಅನುವಾದದಲ್ಲಿ ಓದುತ್ತೇವೆ. ಅಲ್ಲಿ ಸಾಲು ತೋರಿಸು ಅಂದರೆ ಯಾರ ಸಾಲು? ‘ಒಡಿಸ್ಸಿ’ಯ ನಾಯಕ ಒಡಿಸ್ಸಿಯಸ್‌ಗೆ ಹೋಮರ್ ಕೊಡುವ ಮೊದಲ ವಿಶೇಷಣ ‘ಪಾಲಿಟ್ರೊಪೊಸ್’, ಅಂದರೆ ಬಹಳ ತಿರುವುಗಳುಳ್ಳವನು. ತುಂಬಾ ಅಲೆದವನು ಅನ್ನಬಹುದು, ತುಂಬಾ ಚಾಲಾಕಿ ಅಂತಲೂ ಅನ್ನಬಹುದು. 1996ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ರಾಬರ್ಟ್ ಫೇಗಲ್ಸ್ ಆ ತಿರುವುಗಳನ್ನು ಹಾಗೇ ಉಳಿಸಿಕೊಂಡರು. 2017ರ ತಮ್ಮ ಅನುವಾದದಲ್ಲಿ ಎಮಿಲಿ ವಿಲ್ಸನ್ ‘ಜಟಿಲ’ ಅನ್ನುವ ಅರ್ಥದ ಒಂದೇ ಪದ ಇಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಮನುಷ್ಯ ಕಾಣುತ್ತಾನೆ ಅಂತ ಕೇಳುತ್ತೇನೆ. ಗ್ರೀಕ್ ಬರದ ಮಗುವೂ ಇದಕ್ಕೆ ಉತ್ತರ ಕೊಡಬಹುದು.

ಮಕ್ಕಳು ಪ್ರಬಂಧ ಬರೆಯುವಾಗ ನನಗೆ ತುಂಬಾ ಬೇಸರ ತರಿಸುವುದು ಹಣೆಪಟ್ಟಿ. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ನ ದೋಷ ಅತಿಯಾಸೆ, ಸೊಫೋಕ್ಲಿಸ್‌ನ ‘ಆಂಟಿಗನಿ’ಯ ರಾಜ ಕ್ರಿಯಾನ್‌ನ ದೋಷ ಅಹಂಕಾರ, ಮುಗೀತು. ಅರಿಸ್ಟಾಟಲ್ ಬಳಸಿದ ‘ಹಮಾರ್ಟಿಯಾ’ ಅನ್ನುವ ಪದವನ್ನು ದುರಂತ ದೋಷ ಅಂತ ಗೈಡುಗಳು ಹೇಳಿಕೊಡುತ್ತವೆ. ಅದರ ಮೂಲದಲ್ಲಿ ಇರುವುದು ಗುರಿ ತಪ್ಪುವುದು, ಎಸೆದ ಈಟಿ ಪಕ್ಕಕ್ಕೆ ಹೋಗಿ ಬೀಳುವುದು. ಅದು ಸ್ವಭಾವಕ್ಕಿಂತ ಹೆಚ್ಚಾಗಿ ಒಂದು ತಪ್ಪಿನ ಮಾತು. ಮ್ಯಾಕ್‌ಬೆತ್‌ನನ್ನೇ ನೋಡಿ. ಮೊದಲ ಅಂಕದ ಏಳನೇ ದೃಶ್ಯದಲ್ಲಿ ರಾಜ ಡಂಕನ್‌ನನ್ನು ಯಾಕೆ ಕೊಲ್ಲಬಾರದು ಅಂತ ಅವನೇ ಲೆಕ್ಕ ಹಾಕುತ್ತಾನೆ. ನಾನು ಅವನ ನೆಂಟ, ಅವನ ಪ್ರಜೆ, ಇವತ್ತು ಅವನು ನನ್ನ ಮನೆಗೆ ಬಂದ ಅತಿಥಿ. ಎಲ್ಲಾ ಗೊತ್ತಿದ್ದೂ ಕೊಲ್ಲುತ್ತಾನೆ. ಇದನ್ನು ಅತಿಯಾಸೆ ಅಂತ ಒಂದೇ ಪದದಲ್ಲಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಬ್ಬರು ಇಲ್ಲ ಅನ್ನಲು ಜಾಗ ಇರುವ ಒಂದು ಮಾತನ್ನು ಮಕ್ಕಳು ಹೇಳಲಿ, ಎರಡು ಮೂರು ಪುಟ್ಟ ಉಲ್ಲೇಖ ಕೊಡಲಿ. ಎರಡು ಪುಟ ಸಾಕು.

ಕವಿಗಳ ಹುಟ್ಟಿದ ವರ್ಷ ಬಾಯಿಪಾಠ ಬೇಡ. ಎಲ್ಲವೂ ಇಷ್ಟ ಆಗಬೇಕು ಅಂತಲೂ ಇಲ್ಲ. 1813ರ ‘ಪ್ರೈಡ್ ಆಂಡ್ ಪ್ರೆಜುಡಿಸ್’ ಓದುವಾಗ ಒಬ್ಬ ಹುಡುಗ “ಬರೀ ಮದುವೆ ಮಾತು, ಬೋರು” ಅಂದ. ಎಲ್ಲಿ ಬೋರಾಯಿತು ತೋರಿಸು ಅಂದೆ. ಅವನು ತೋರಿಸಿದ ಪುಟದಲ್ಲೇ ಆಸ್ತಿಯ ಮಾತಿತ್ತು. ಬೆನೆಟ್ ದಂಪತಿಗೆ ಐವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಅಪ್ಪ ಸತ್ತರೆ ಮನೆ, ಜಮೀನು ಎಲ್ಲಾ ದೂರದ ನೆಂಟ ಕಾಲಿನ್ಸ್‌ಗೆ. ತಾಯಿ ಯಾಕೆ ಅಷ್ಟು ಒದ್ದಾಡುತ್ತಾಳೆ ಅಂತ ಅವನಿಗೆ ಆಗ ಹೊಳೆಯಿತು. ಕಾದಂಬರಿ ಅವನಿಗೆ ಆಮೇಲೂ ಅಷ್ಟೇನೂ ಹಿಡಿಸಲಿಲ್ಲ. ಅದು ಅವನಿಗೆ ಬಿಟ್ಟದ್ದು.

ತರಗತಿಯಲ್ಲಿ ಬಾಯಿ ಬಿಡದ ಮಕ್ಕಳ ಬಗ್ಗೆ ತಂದೆತಾಯಿ ಚಿಂತೆ ಮಾಡುತ್ತಾರೆ. ‘ಒಡಿಸ್ಸಿ’ಯ 17ನೇ ಭಾಗ ಓದುತ್ತಿದ್ದೆವು. ಇಪ್ಪತ್ತು ವರ್ಷದ ಮೇಲೆ ಒಡಿಸ್ಸಿಯಸ್ ಭಿಕ್ಷುಕನ ವೇಷದಲ್ಲಿ ತನ್ನ ಮನೆಗೆ ಬಂದಿದ್ದಾನೆ. ಬಾಗಿಲ ಹತ್ತಿರ ಗೊಬ್ಬರದ ರಾಶಿಯ ಮೇಲೆ ಅವನ ಮುದಿ ನಾಯಿ ಆರ್ಗೋಸ್ ಬಿದ್ದುಕೊಂಡಿದೆ. ಮೈತುಂಬಾ ಉಣ್ಣೆಹುಳು. ಅದು ಒಡೆಯನನ್ನು ಗುರುತಿಸಿ ಬಾಲ ಅಲ್ಲಾಡಿಸುತ್ತದೆ, ಕಿವಿ ಇಳಿಬಿಡುತ್ತದೆ, ಎದ್ದು ಬರಲು ಆಗುವುದಿಲ್ಲ. ಹತ್ತಿರ ಹೋದರೆ ಇವನ ಗುಟ್ಟು ಬಯಲಾಗುತ್ತದೆ. ಮುಖ ತಿರುಗಿಸಿ ಕಣ್ಣೀರು ಒರೆಸಿಕೊಳ್ಳುತ್ತಾನೆ. ಗಂಟೆ ಹೊಡೆಯಿತು, ಮಕ್ಕಳು ಹೊರಟರು. ಆ ವರ್ಷ ಒಂದು ಮಾತೂ ಆಡದ ಹುಡುಗ ನನ್ನ ಮೇಜಿನ ಹತ್ತಿರ ನಿಂತ. ಪುಸ್ತಕ ತೆರೆದೇ ಇತ್ತು, ಪೆನ್ಸಿಲ್ ಗೆರೆಯ ಮೇಲೆ ಬೆರಳು ಇಟ್ಟಿದ್ದ.

“ಇಲ್ಲಿ ಮೇಡಂ. ಅತ್ತಾದ ಮೇಲೆ ಪಕ್ಕದವನ ಹತ್ರ ಈ ನಾಯಿ ಬಗ್ಗೆ ಕೇಳ್ತಾನೆ. ನೋಡೋಕೆ ಚೆನ್ನಾಗಿದೆ, ಓಡೋದ್ರಲ್ಲೂ ಜೋರಾಗಿತ್ತಾ ಅಂತ. ತನ್ನದೇ ನಾಯಿ. ಯಾರದ್ದೋ ಅನ್ನೋ ಥರ ಕೇಳ್ತಿದಾನೆ.”