ಗೋಮಾ 1994: ಲಾರಿ ಲೆಕ್ಕದಲ್ಲಿ ಕಾಣದ ಮನೆಗಳು

ನೆರವಿನ ಮೌಲ್ಯಮಾಪನ ಅಂದರೆ ದುಡ್ಡು ಸರಿಯಾಗಿ ಖರ್ಚಾಯಿತಾ ಅಂತ ನೋಡುವುದು ಎಂದುಕೊಂಡೇ ಬಹಳ ಜನ ಈ ವಿಷಯ ಓದಲು ಶುರು ಮಾಡುತ್ತಾರೆ. ಅದು ಆಡಿಟ್ ಕೆಲಸ. ಮೌಲ್ಯಮಾಪಕರು ಮುಖ್ಯವಾಗಿ ಕೇಳುವುದು ನೆರವು ಯಾರಿಗೆ ತಲುಪಲಿಲ್ಲ, ಯಾಕೆ ತಲುಪಲಿಲ್ಲ ಅಂತ.

ಇದಕ್ಕೆ ಜಾನ್ ಬೋರ್ಟನ್ ಅವರ ಕೆಲಸ ಓದಿ. ಆಗ ಇವರು ಲಂಡನ್ನಿನ ಓವರ್‌ಸೀಸ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರಾಗಿದ್ದರು. ರುವಾಂಡಾಕ್ಕೆ ಕೊಟ್ಟ ತುರ್ತು ನೆರವನ್ನು ಹಲವು ದೇಶಗಳು, ಸಂಸ್ಥೆಗಳು ಸೇರಿ ಪರಿಶೀಲಿಸಿದ ಜಂಟಿ ಮೌಲ್ಯಮಾಪನ 1996ರಲ್ಲಿ ಬಂತು; ಅದರಲ್ಲಿ ಪರಿಹಾರ ಕೆಲಸವನ್ನು ಪರಿಶೀಲಿಸಿದ ಮೂರನೇ ಅಧ್ಯಯನ ಇವರ ನೇತೃತ್ವದ್ದು.

ಹಿನ್ನೆಲೆ ಗೊತ್ತಿರಲೇಬೇಕು. ರುವಾಂಡಾದಲ್ಲಿ ಅಲ್ಪಸಂಖ್ಯಾತ ಟುಟ್ಸಿಗಳ ನರಮೇಧದ ಬೆನ್ನಲ್ಲೇ, 1994ರ ಜುಲೈನಲ್ಲಿ ಬಹುಸಂಖ್ಯಾತ ಹುಟು ಸಮುದಾಯದ ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಗಡಿ ದಾಟಿ ಆಗಿನ ಜೈರ್ (ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶದ ಗೋಮಾಕ್ಕೆ ಬಂದರು. ಅಲ್ಲಿನ ನೆಲ ಲಾವಾ ಕಲ್ಲು. ಶೌಚದ ಗುಂಡಿ ಇರಲಿ, ಹೆಣ ಹೂಳಲೂ ಅಗೆಯೋಕೆ ಆಗುತ್ತಿರಲಿಲ್ಲ. ಕುಡಿಯೋಕೆ ಕಿವು ಸರೋವರದ ನೀರು. ಕಾಲರಾ ಬಂತು, ಹಿಂದೆಯೇ ರಕ್ತಭೇದಿ. ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು.

ಧಾನ್ಯವೇನೋ ಬರುತ್ತಿತ್ತು. ಆದರೆ ಹಂಚಿಕೆ ಶಿಬಿರದ ಮುಖಂಡರ ಕೈಯಲ್ಲಿತ್ತು, ಅವರಲ್ಲಿ ನರಮೇಧ ನಡೆಸಿದವರೂ ಇದ್ದರು. ಹೆಂಗಸರೇ ನಡೆಸುತ್ತಿದ್ದ ಮನೆಗಳ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತ ಆಗ ನಡೆದ ಸಮೀಕ್ಷೆಯಲ್ಲೇ ಕಂಡಿತು. ಎಷ್ಟು ಲಾರಿ ಬಂತು, ತಲೆಗೆ ಎಷ್ಟು ಕಿಲೋ ಅಂತ ಸುಮ್ನೆ ಭಾಗಿಸಿದರೆ ಆ ಮನೆಗಳು ಕಣ್ಣಿಗೇ ಬೀಳುವುದಿಲ್ಲ ಅಲ್ವಾ? ನನ್ನ ಪ್ರಕಾರ ಈ ವಿಷಯದಲ್ಲಿ ಮೊದಲು ಕಲಿಯಬೇಕಾದದ್ದು ಇದನ್ನೇ.

ಪರೀಕ್ಷೆಗೆ ಒಂದು ಮಾತು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯಲ್ಲಿ ನೆರವಿನ ವಿಷಯ ನೋಡುವ ಡಿಎಸಿ ಸಮಿತಿಯ ಮೌಲ್ಯಮಾಪನ ಮಾನದಂಡಗಳು 1991ರಿಂದ ಐದು, 2019ರಲ್ಲಿ ಆರಾದವು. ಅವುಗಳಲ್ಲಿ 'ವ್ಯಾಪ್ತಿ' ಇಲ್ಲ. ನೆರವು ಯಾರನ್ನು ಮುಟ್ಟಿತು, ಯಾರನ್ನು ಬಿಟ್ಟಿತು ಅನ್ನುವ ಆ ಮಾನದಂಡ ತುರ್ತು ಪರಿಹಾರದ ಮೌಲ್ಯಮಾಪನಕ್ಕೆಂದೇ ಸೇರಿದ್ದು. ಮಾನವೀಯ ನೆರವಿನ ಸಂಸ್ಥೆಗಳ ಆಲ್ನಾಪ್ ಜಾಲದ 2006ರ ಕೈಪಿಡಿಯಲ್ಲಿ ವಿವರ ಸಿಗುತ್ತದೆ. ಆ ಜಾಲ 1997ರಲ್ಲಿ ಹುಟ್ಟಿದ್ದೂ ರುವಾಂಡಾ ವರದಿಯಿಂದಲೇ, ಕಟ್ಟಿದವರಲ್ಲಿ ಬೋರ್ಟನ್ ಮುಂದಿದ್ದರು. ಅದೇ ವರ್ಷ ನೆರವು ಸಂಸ್ಥೆಗಳು ಶುರು ಮಾಡಿದ ಸ್ಫಿಯರ್ ಯೋಜನೆ ತುರ್ತು ಪರಿಹಾರದ ಕನಿಷ್ಠ ಮಟ್ಟಗಳನ್ನು ಬರೆದಿಟ್ಟಿತು: ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ. ಗೋಮಾ ನೆನಪಿಟ್ಟುಕೊಂಡರೆ ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ರುವಾಂಡಾ ವರದಿಯ ದೊಡ್ಡ ಟೀಕೆ ಇದ್ದದ್ದು ಸರ್ಕಾರಗಳ ಮೇಲೆ. ರಾಜಕೀಯವಾಗಿ ಮಾಡಬೇಕಾದ್ದನ್ನು ಮಾಡದೆ, ಅದರ ಜಾಗಕ್ಕೆ ಪರಿಹಾರ ಸಾಮಗ್ರಿ ಕಳಿಸಿದರು ಅಂತ. ಹಂಚಿಕೆ ಸುಧಾರಿಸಲು ಕೈಪಿಡಿಗಳು ಬಂದವು, ಈ ಟೀಕೆಗೆ ಅಂಥ ಕೈಪಿಡಿ ಯಾವುದೂ ಬರಲಿಲ್ಲ.